ಪಕ್ಕದ ಸೀಟಿನ ಕ್ಲಚ್

ಗ್ಯಾರೇಜಿನ ನೆಲದ ಗುಂಡಿಯಿಂದ ಎದ್ದ ದೀಪದ ಬೆಳಕು ಬಾನೆಟ್ಟಿನ ಸಂದಿಯಲ್ಲಿ ನುಸುಳಿ ಮುಂದಿನ ಗಾಜಿನ ಮೇಲೆ ಒಮ್ಮೆ ಹರಿದು ಆರಿತು, ಒತ್ತಿ, ಅನ್ನುತ್ತಿದ್ದಾಳೆ ಗೆಸೀನೆ ಕಾರಿನ ಕೆಳಗಿನಿಂದ, ಒತ್ತಿ ಹೆರ್ ಬೋಡೆ, ಹಾಗೇ ಹಿಡ್ಕೊಳ್ಳಿ, ಹಾಂ ಈಗ ಬಿಡಿ, ಮತ್ತೆ ಒತ್ತಿ — ಲೋಥಾರ್ ಬೋಡೆ ಒತ್ತಿದ, ಹಿಡಿದ, ಬಿಟ್ಟ, ಇಪ್ಪತ್ತೊಂಬತ್ತು ವರ್ಷ ಈ ಊರಿನ ಅರ್ಧ ಜನಕ್ಕೆ ಕಾರು ಕಲಿಸುತ್ತ ಒತ್ತಿ ಬಿಡಿ ಎಂದು ಹೇಳಿಕೊಟ್ಟವನಿಗೆ ಈಗ ಇವಳ ಪಾಠ, ಹದಿನೇಳರ ಹುಡುಗಿಯಾಗಿ ಇವನದೇ ಕಾರಿನಲ್ಲಿ ಎರಡು ಸಲ ಫೇಲಾದವಳು, ಮೂರನೆಯ ಸಲ ಪರೀಕ್ಷಕನಿಗೆ ಅದೇನು ಹೊಟ್ಟೆ ತುಂಬಿತ್ತೋ, ಪಾಸು ಮಾಡಿಬಿಟ್ಟ, ನಿನಗೆ ಎಂಜಿನ್ ಕೇಳುವ ಕಿವಿಯೇ ಇಲ್ಲ ಎಂದು ಲೋಥಾರ್ ಆಗಲೇ ಅವಳ ಮುಖಕ್ಕೆ ಹೇಳಿದ್ದ, ಈಗ ನೋಡಿದರೆ ಗ್ಯಾರೇಜಿನ ಒಡತಿ, ಗೋಡೆಯ ಮೇಲೆ ಗಾಜು ಹಾಕಿಸಿದ ಮಾಸ್ಟರ್ ಮೆಕ್ಯಾನಿಕ್ ಸರ್ಟಿಫಿಕೇಟು, ಈ ರಾಜ್ಯದಲ್ಲಿ ಸರ್ಟಿಫಿಕೇಟು ಯಾರಿಗೆ ಸಿಗುವುದಿಲ್ಲ, ನಾಯಿ ಸಾಕುವವರಿಗೂ ಒಂದು ಕೊಡುತ್ತಾರೆ. ಮತ್ತೆ ಒತ್ತಿ. ಒತ್ತಿದ. ಪೆಡಲ್ ಬೆಣ್ಣೆಯೊಳಕ್ಕೆ ಚಾಕು ಹೋದಷ್ಟು ಮೆತ್ತಗೆ ನೆಲಕ್ಕಿಳಿಯಿತು, ಅಸಹ್ಯವಾಯಿತು ಅವನಿಗೆ, ಬಿಗಿಯಿಲ್ಲದ ಪೆಡಲ್ ಎಂದರೆ ಬಿಗಿಯಿಲ್ಲದ ಹಸ್ತಲಾಘವ, ಅಂಥ ಕೈ ಕುಲುಕಿದ ಮೇಲೆ ತೊಳೆದುಕೊಳ್ಳಬೇಕು ಅನಿಸುತ್ತದೆ. ಅವನು ಕುಳಿತಿರುವುದು ಪಕ್ಕದ ಸೀಟಿನಲ್ಲಿ, ಸ್ಟಿಯರಿಂಗ್ ಇಲ್ಲದ ಬದಿ, ಅಭ್ಯಾಸಬಲ, ಬಾಗಿಲು ತೆರೆದವನೇ ಅಲ್ಲಿಗೇ ಹೋದ, ಗೆಸೀನೆಯೂ ಅಲ್ಲೇ ಇರಿ ಪರವಾಗಿಲ್ಲ ಎಂದಳು, ಡ್ರೈವಿಂಗ್ ಸ್ಕೂಲಿನ ಕಾರಲ್ಲವೇ, ಕ್ಲಚ್ಚು ಬ್ರೇಕು ಎರಡೂ ಬದಿಗೆ, ನಡುವೆ ಸಲಾಕೆ, ಒಂದು ಇಳಿದರೆ ಇನ್ನೊಂದೂ ಇಳಿಯುತ್ತದೆ, ಒಂದು ಎದ್ದರೆ ಇನ್ನೊಂದೂ ಏಳುತ್ತದೆ. ಬೆಳಿಗ್ಗೆ ಮಾತ್ರ ಏಳಲಿಲ್ಲ. ಎಂಟೂವರೆಗೆ ಸೇತುವೆ ದಾಟಿ ಸಿಗ್ನಲ್ಲಿನಲ್ಲಿ ನಿಂತಾಗ ನೆಲಕ್ಕೆ ಹೋದ ಪೆಡಲ್ ಅಲ್ಲೇ ಮಲಗಿಬಿಟ್ಟಿತು, ಗೇರು ಹಾಕಲು ಹೋದರೆ ಗರಗರ, ಹಿಂದಿನಿಂದ ಹಾರ್ನು, ಸ್ಟಿಯರಿಂಗ್ ಹಿಡಿದಿದ್ದ ವಿದ್ಯಾರ್ಥಿನಿ ಫ್ರೌ ಸಾಂಡರ್ ಕಾರಿಗೆ ಕ್ಷಮಿಸು ಎಂದಳು, ಕಾರಿಗೆ, ಐವತ್ತೆರಡು ವರ್ಷದ ಹೆಂಗಸು, ಇಳೀರಿ ಎಂದ ಲೋಥಾರ್, ಆಚೆ ಕಡೆ ಹೋಗಿ ಕೂತ, ಮೊದಲನೇ ಗೇರಿನಲ್ಲಿಯೇ ಎಂಜಿನ್ ಚಾಲೂ ಮಾಡಿ, ಕ್ಲಚ್ಚಿನ ಹಂಗೇ ಇಲ್ಲದೆ, ಎಂಜಿನ್ನಿನ ಸದ್ದು ಕೇಳಿಕೊಂಡೇ ಗೇರು ಬದಲಿಸುತ್ತ ಆರು ಕಿಲೋಮೀಟರು ಓಡಿಸಿಕೊಂಡು ಇಲ್ಲಿಗೆ ಬಂದ, ಇವತ್ತು ಹಾಗೆ ಓಡಿಸುವವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ, ಮೂರು ಮಂದಿ, ಇಬ್ಬರು ಸತ್ತಿದ್ದಾರೆ.

ಗಾಜಿನಾಚೆ, ಹಳೇ ಟೈರುಗಳ ಪಕ್ಕ, ಬಿಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಾಳೆ ಫ್ರೌ ಸಾಂಡರ್, ಮಡಿಲಲ್ಲಿ ಬ್ಯಾಗು, ಬ್ಯಾಗಿನ ಮೇಲೆ ಕಾಗದ, ಕಾಗದದಲ್ಲಿ ಬೆಣ್ಣೆ ಸವರಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಾಳೆ, ಇವತ್ತಿನಂಥ ದಿನ ಮೊಟ್ಟೆ ಗಂಟಲಲ್ಲಿ ಇಳಿಯುತ್ತದಲ್ಲ, ಲೋಥಾರನ ಒಂಬತ್ತು ಗಂಟೆಯ ಮಾಂಸದ ಬನ್ನು ಮಾತ್ರ ಇವತ್ತು ಕಟುಕನ ಅಂಗಡಿಯಲ್ಲೇ ಉಳಿಯಿತು. ಕಾಲಿಗೆ ಅದೇ ಬಿಳಿ ಬೂಟು, ಎರಡು ಬೆರಳು ದಪ್ಪದ ಸ್ಪಂಜಿನ ಅಟ್ಟೆ, ಇದನ್ನು ಹಾಕಿಕೊಂಡು ಪೆಡಲ್ ಹೇಗೆ ತಿಳಿಯುತ್ತೆ ನಿಮಗೆ, ದಿಂಬಿನ ಮೇಲಿಂದ ಪಿಯಾನೋ ಬಾರಿಸ್ತೀರಾ ಎಂದು ಮೊದಲ ದಿನವೇ ಕೇಳಿದ್ದ, ಇದು ಕೆಲಸದ ಬೂಟು ಹೆರ್ ಬೋಡೆ, ದಿನವಿಡೀ ನಿಂತಿರ್ಬೇಕಲ್ಲ ಎಂದಳು. ಮನೆಮನೆಗೆ ಹೋಗಿ ಮುದುಕರನ್ನು ಮೀಯಿಸುವುದು, ಕಾಲುಚೀಲ ಹಾಕುವುದು, ಮಾತ್ರೆ ನುಂಗಿಸುವುದು ಅವಳ ಕೆಲಸ, ಊರೊಳಗೆ ಸೈಕಲ್ಲಿನಲ್ಲೇ ನಡೆಯುತ್ತಿತ್ತು, ಗಂಡ ಇದ್ದಷ್ಟು ದಿನ ಆಚೆ ಊರಿಗೆ ಅವನು ಓಡಿಸುತ್ತಿದ್ದ, ಅವನು ಹೋಗಿ ಮೂರು ವರ್ಷ, ಈಗ ಆಫೀಸಿನವರು ಗುಡ್ಡದ ಮೇಲಿನ ಹಳ್ಳಿಗಳನ್ನು ಕೊಟ್ಟಿದ್ದಾರೆ, ಜುಲೈಯಿಂದ, ಅವರ ಕಾರುಗಳೆಲ್ಲ ಗೇರಿನವು, ಲೈಸೆನ್ಸು ಇದ್ದರೆ ಕೆಲಸ, ಇಲ್ಲವಾದರೆ ಥ್ಯಾಂಕ್ಯೂ. ಇವತ್ತು ಹನ್ನೆರಡಕ್ಕೆ ಪರೀಕ್ಷೆ. ಬರೆದು ಪಾಸಾದ ಪರೀಕ್ಷೆಗೆ ಒಂದು ವರ್ಷದ ಆಯುಷ್ಯ, ಅದು ಭಾನುವಾರ ತೀರುತ್ತದೆ, ಅದಕ್ಕೆ ಮುಂಚೆ ಬೇರೆ ದಿನವಿಲ್ಲ, ಇವತ್ತು ಬಿದ್ದರೆ ಮೊದಲ ಪುಟದಿಂದ ಶುರು, ಅಷ್ಟರಲ್ಲಿ ಜುಲೈ ಬಂದು ಹೋಗಿರುತ್ತದೆ. ಎರಡು ಸಲ ಬಿದ್ದಿದ್ದಾಳೆ, ಎರಡೂ ಸಲ ಇಟ್ಟಿಗೆ ಗೂಡಿನ ದಿನ್ನೆಯಲ್ಲಿ, ಏರಿನ ತುದಿಗೆ ನಿಲ್ಲು ಎಂಬ ಫಲಕ, ನಿಂತು ಹೊರಡಬೇಕು, ಹೊರಡುವಾಗ ಎಂಜಿನ್ ಆಫ್, ಮತ್ತೆ ಆಫ್, ಮತ್ತೆ ಆಫ್, ಹಿಂದಿನ ಸೀಟಿನ ಪರೀಕ್ಷಕ ಸಾಕು ಬಿಡಿ ಅನ್ನುತ್ತಾನೆ. ಪಾಠದಲ್ಲಿ ಅದೇ ದಿನ್ನೆಯನ್ನು ಮೂವತ್ತು ಸಲ ಹತ್ತಿಸಿದ್ದ, ಒಮ್ಮೆಯೂ ಆಫ್ ಮಾಡಿದವಳಲ್ಲ, ಪರೀಕ್ಷೆ ಎಂದ ಕೂಡಲೇ ಕಾಲು ಕೈಕೊಡುತ್ತದೆ, ನರಗಳಲ್ಲಿ ಕಸುವಿಲ್ಲ ಈ ಜನಕ್ಕೆ, ಒಬ್ಬರಿಗೂ ಇಲ್ಲ, ನಿಮ್ಮ ಎಡಗಾಲಿಗೆ ಬುದ್ಧಿ ಇಲ್ಲ ಫ್ರೌ ಸಾಂಡರ್ ಎಂದಿದ್ದ, ಎರಡನೆಯ ಸಲ ಬಿದ್ದ ದಿನ, ಮನೆಗೆ ಬಿಡುವಾಗ, ಅವಳು ತನ್ನ ಎಡಗಾಲನ್ನು ನೋಡಿಕೊಂಡು ಹೌದು ಎಂದಿದ್ದಳು.

ಹೌದು ಅನ್ನುವುದು ಬಿಟ್ಟು ಇನ್ನೇನು ಅನ್ನುತ್ತಾಳೆ, ಸಾವಿರ ಎಡಗಾಲು ನೋಡಿದ್ದಾನೆ ಲೋಥಾರ್, ಒಂದಕ್ಕೂ ಬುದ್ಧಿಯಿಲ್ಲ, ನಡೆಯಲು ಸಾಕು, ಚೆಂಡು ಒದೆಯಲೂ ಸಾಲದು, ಈಗಂತೂ ಅದಕ್ಕೂ ಕೆಲಸವಿಲ್ಲ, ಊರಿನ ಇನ್ನೊಂದು ಸ್ಕೂಲಿನವನು ಗೇರಿಲ್ಲದ ಕಾರು ತಂದಿದ್ದಾನೆ, ಗುಲಾಬಿ ಬಣ್ಣದ್ದು, ಹುಡುಗರು ಎಡಗಾಲನ್ನು ಸೀಟಿನ ಕೆಳಗೆ ಮಲಗಿಸಿ ಓಡಿಸುತ್ತಾರೆ, ಓಡಿಸುವುದಲ್ಲ ಅದು, ಲಿಫ್ಟಿನಲ್ಲಿ ನಿಂತವನು ಮಹಡಿ ಹತ್ತಿದೆ ಅಂದ ಹಾಗೆ. ಏನಾಗಿರ್ಬಹುದು ಎಂದು ಗೆಸೀನೆ ಬೆಳಿಗ್ಗೆ ಕೇಳಿದಾಗಲೂ ಅದನ್ನೇ ಹೇಳಿದ, ಎಡಗಾಲುಗಳು, ಇನ್ನೇನು, ಒತ್ತಿದ ಕಾಲು ತೆಗೆಯೋದೇ ಇಲ್ಲ, ದಿನಕ್ಕೆ ಏಳೆಂಟು ಜನ ಹಾಫ್ ಕ್ಲಚ್ಚಿನಲ್ಲಿ ಹಿಡ್ಕೊಂಡು ಕೂರ್ತಾರೆ, ಕಬ್ಬಿಣವಾದ್ರೂ ಏನು ಮಾಡುತ್ತೆ. ಅವಳು ಹೂಂ ಎಂದಳು. ಬಾನೆಟ್ ಎತ್ತಿ ಕ್ಲಚ್ಚಿನ ಎಣ್ಣೆ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು, ಯಾವಾಗ ಬದಲಾಯ್ಸಿದ್ದು, ಎರಡು ವರ್ಷಕ್ಕೊಂದ್ಸಲ, ತಾರೀಖು ಬರ್ದಿದೀನಿ ನೋಡು, ಬಣ್ಣ ನೋಡಿ ಹೆರ್ ಬೋಡೆ, ಕಾಫಿ ಆಗಿದೆ, ಇಷ್ಟು ಬೇಗ ಸುಡಬಾರ್ದು ಇದು. ಪೆಡಲಿನ ಬುಡದ ಸಿಲಿಂಡರಿಗೆ ದೀಪ ಹಿಡಿದಳು, ಒಣಗಿದೆ, ಗೇರ್ ಬಾಕ್ಸಿನ ಮೇಲಿನದನ್ನು ಬಟ್ಟೆಯಿಂದ ಒರೆಸಿ ನೋಡಿದಳು, ಅದೂ ಒಣಗಿದೆ, ನಡುವಿನ ರಬ್ಬರು ಪೈಪನ್ನು ಚಿವುಟಿ ಚಿವುಟಿ ನೋಡಿದಳು, ಸೋರಿಕೆ ಎಲ್ಲೂ ಇಲ್ಲ, ಹತ್ತು ಸಲ ಬೇಗ ಬೇಗ ಒತ್ತಿ ಎಂದಳು, ಒತ್ತಿದ, ಹನ್ನೊಂದನೆಯದಕ್ಕೆ ಪೆಡಲಿಗೆ ಒಂದಿಷ್ಟು ಜೀವ ಬಂತು, ಗಾಳಿ ಸೇರಿದೆ ಎಂದಳು, ಗಾಳಿ ಸೇರಿದೆ ಎಂದು ಅವನಿಗೆ ಸೇತುವೆಯ ಸಿಗ್ನಲ್ಲಿನಲ್ಲೇ ಗೊತ್ತಿತ್ತು, ಎಣ್ಣೆಯನ್ನು ಹಿಚುಕಲಾಗುವುದಿಲ್ಲ, ಗಾಳಿಯನ್ನು ಹಿಚುಕಬಹುದು, ನೀವು ಒತ್ತಿದ್ದೆಲ್ಲ ಗಾಳಿ ತಿನ್ನುತ್ತದೆ, ಕ್ಲಚ್ಚಿಗೆ ಏನೂ ಮುಟ್ಟುವುದಿಲ್ಲ, ಇಷ್ಟು ಪಾಠ ಅವನೇ ಎಷ್ಟು ಸಲ ಮಾಡಿಲ್ಲ. ಆಮೇಲೆ ಅವಳು ಗುಂಡಿಗಿಳಿದಳು, ಪಾರದರ್ಶಕ ಕೊಳವೆ ಸಿಕ್ಕಿಸಿ ಬಾಟಲಿ ಹಿಡಿದಳು, ಇಬ್ಬರ ಕೆಲಸ ಇದು, ಒಬ್ಬ ಒತ್ತಬೇಕು ಒಬ್ಬ ನಟ್ಟು ತಿರುಗಿಸಬೇಕು, ಗುಳ್ಳೆ ಬರ್ತಿವೆ, ಇನ್ನೂ ಬರ್ತಿವೆ, ಬಿಡಿ, ಒತ್ತಿ, ಬಿಡಿ, ಈಗ ಕಮ್ಮಿ ಆಯ್ತು — ಈಗ ಏನೂ ಬರ್ತಿಲ್ಲ. ಏನೂ ಬರ್ತಿಲ್ಲ ಅಂದ್ರೆ ಗಾಳಿ ಮುಗೀತು ಅಂತ ತಾನೆ. ಗಾಳಿಯೂ ಇಲ್ಲ ಎಣ್ಣೆಯೂ ಇಲ್ಲ ಹೆರ್ ಬೋಡೆ, ಮೇಲಿನ ಡಬ್ಬಿಯಿಂದ ಎಣ್ಣೆ ಇಳೀತಾನೇ ಇಲ್ಲ, ಪೆಡಲ್ ಬಿಡಿ. ಬಿಟ್ಟೆ. ಬಿಟ್ಟಿಲ್ಲ. ಬಿಟ್ಟಿದೀನಿ ಕಣೇ. ಪೂರ್ತಿ ಬಿಡಿ. ಪೂರ್ತಿನೇ ಬಿಟ್ಟಿದೀನಿ, ನಿಂಗೆ ಕಾಣ್ಸುತ್ತಾ ಕೆಳಗಡೆಯಿಂದ. ಕಾಣ್ಸೋದಿಲ್ಲ, ಆದ್ರೆ ಬಿಟ್ಟಿಲ್ಲ.

ಗುಂಡಿಯ ಮೆಟ್ಟಿಲ ಮೇಲೆ ಅವಳ ಬೂಟಿನ ಸದ್ದು, ಒಂದೊಂದೇ ಮೆಟ್ಟಿಲು, ಅವಸರವಿಲ್ಲ, ಪರೀಕ್ಷೆಗೆ ಎರಡೂವರೆ ಗಂಟೆಯಷ್ಟೇ ಉಳಿದಿದೆ, ಇವಳಿಗೆ ಅವಸರವಿಲ್ಲ, ಬಾಗಿಲ ಬಳಿ ಬಂದು ದೀಪವನ್ನು ಅವನ ಮುಖಕ್ಕಲ್ಲ ಕಾಲಿಗೆ ಹಿಡಿದಳು. ಲೋಥಾರ್ ಬಗ್ಗಿ ನೋಡಿದ. ಅಲ್ಲಿ ಒಂದು ಕಂದು ಬಣ್ಣದ ಚರ್ಮದ ಬೂಟು ಪೆಡಲಿನ ಎಡ ಮೂಲೆಯ ಮೇಲೆ ಆರಾಮಾಗಿ ಕೂತಿತ್ತು, ಒತ್ತಿಯೂ ಇರಲಿಲ್ಲ ಬಿಟ್ಟೂ ಇರಲಿಲ್ಲ, ತೊಡೆಯ ಮೇಲೆ ಕೈ ಇಟ್ಟುಕೊಂಡ ಹಾಗೆ, ಯಾರದೋ ಬೂಟು ಎಂದುಕೊಂಡ, ನಿಜವಾಗಿ ಒಂದು ಗಳಿಗೆ ಹಾಗೆಯೇ ಅನಿಸಿತು, ಆಮೇಲೆ ಕಾಲು ಎತ್ತಿದ, ಬೂಟು ಎದ್ದಿತು, ಪೆಡಲ್ ಇನ್ನೂ ಒಂದು ಅಕ್ಕಿಕಾಳಿನಷ್ಟು ಮೇಲೆ ಬಂತು, ಮುಂದೆ ಎಲ್ಲೋ ಡಬ್ಬಿಯೊಳಗೆ ಗುಳುಕ್ ಎಂದು ಎಣ್ಣೆ ಇಳಿಯಿತು. ಕೇಳಿಸ್ತಾ ಎಂದಳು ಗೆಸೀನೆ. ಕೇಳಿಸಿತು. ಪೆಡಲ್ ಪೂರ್ತಿ ಮೇಲೆ ಬಂದಾಗ ಮಾತ್ರ ಆ ತೂತು ತೆರೆಯೋದು, ಆಗ್ಲೇ ಹೊಸ ಎಣ್ಣೆ ಬರೋದು, ಇದು ಪೂರ್ತಿ ಬಂದೇ ಇಲ್ಲ, ದಿನವಿಡೀ ಇದ್ದ ಎಣ್ಣೇನೇ ಹಿಚುಕಿ ಹಿಚುಕಿ ಸುಟ್ಟಿದೆ, ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ರಬ್ಬರು ಸೋತಿದೆ, ಅಲ್ಲಿಂದ್ಲೇ ಗಾಳಿ ಎಳ್ಕೊಂಡಿರೋದು. ವಿದ್ಯಾರ್ಥಿಗಳು, ಎಂದ ಲೋಥಾರ್, ಅವರು — ಅವಳು ದೀಪವನ್ನು ಆಚೆ ಬದಿಗೆ ತಿರುಗಿಸಿದಳು, ವಿದ್ಯಾರ್ಥಿಗಳ ಪೆಡಲ್, ರಬ್ಬರಿನ ಗೆರೆಗಳೆಲ್ಲ ಸಮನಾಗಿ ಸವೆದಿವೆ, ಇನ್ನೂ ಕಾಣುತ್ತವೆ, ಈ ಬದಿಗೆ ತಿರುಗಿಸಿದಳು, ಅವನ ಪೆಡಲ್, ಉಳಿದೆಲ್ಲ ಹೊಸದರ ಹಾಗಿದೆ, ಎಡ ಮೂಲೆಯಲ್ಲಿ ಮಾತ್ರ ರಬ್ಬರು ಹೋಗಿ ಕಬ್ಬಿಣ ಬಂದಿದೆ, ಹೆಬ್ಬೆಟ್ಟಿನಷ್ಟು ಅಗಲ, ಪಳಪಳ ಹೊಳೆಯುತ್ತಿದೆ. ಅಷ್ಟು ಹೊಳಪು ಬರಲು ಬೆಳ್ಳಿ ಚಮಚವನ್ನೂ ಯಾರೂ ಉಜ್ಜುವುದಿಲ್ಲ. ನಾನು ಮೇಲೆ ಹಿಡ್ದಿರ್ತೀನಿ, ಒಂದು ಬೆರಳು ಮೇಲೆ, ತಯಾರಿರ್ಬೇಕಲ್ಲ, ನಿಂಗೇನು ಗೊತ್ತು, ಎದುರಿಗೆ ಟ್ರ್ಯಾಕ್ಟರ್ ಬರುತ್ತೆ ಇವರು ಬಾಯಿ ಬಿಟ್ಕೊಂಡು ನೋಡ್ತಾರೆ. ನನಗೆ ಮೂವತ್ತೊಂಬತ್ತು ಹೆರ್ ಬೋಡೆ, ನೀವು ಅನ್ನಿ. ಏನು. ನೀನು ಅನ್ಬೇಡಿ, ನೀವು ಅನ್ನಿ, ಆಮೇಲೆ ಇನ್ನೊಂದು ಕೇಳ್ತೀನಿ, ಇದಕ್ಕೊಂದು ಬಜರ್ ಇರ್ಬೇಕಲ್ಲ, ಈ ಪೆಡಲ್ ನೀವು ಮುಟ್ಟಿದ್ರೆ ಕೂಗೋದು.

ಇದೆ, ಇರಲೇಬೇಕು, ಕಾನೂನು, ಪರೀಕ್ಷೆಯ ದಿನ ಹಾಕಿರಬೇಕು, ಗುರು ಪಕ್ಕದ ಸೀಟಿನಲ್ಲಿ ಪೆಡಲ್ ಮುಟ್ಟಿದರೆ ಅದು ಕೂಗುತ್ತದೆ, ಹಿಂದೆ ಕೂತ ಪರೀಕ್ಷಕನಿಗೆ ಕೇಳಿಸುತ್ತದೆ, ಕಥೆ ಮುಗಿಯಿತು, ಅದಕ್ಕೇ ಪರೀಕ್ಷೆಯಲ್ಲಿ ಲೋಥಾರ್ ಎರಡೂ ಕಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು ಕೂರುತ್ತಾನೆ, ಎಲ್ಲ ಗುರುಗಳೂ ಹಾಗೇ. ಪಾಠದ ದಿನ ಯಾರು ಹಾಕುತ್ತಾರೆ ಆ ಪೀಪಿಯನ್ನು, ಕಿವಿ ಕೊರೆಯುತ್ತದೆ, ಮಕ್ಕಳು ಬೆಚ್ಚಿ ಬೀಳುತ್ತಾರೆ, ಆಫ್ ಮಾಡಿಟ್ಟಿರ್ತೀನಿ ಎಂದ. ಹಾಗೆ, ಎಂದಳು ಗೆಸೀನೆ, ಅಷ್ಟೇ, ದೀಪ ಆರಿಸಿದಳು, ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ನಿಂತಳು, ಆ ಒರೆಸಿಕೊಳ್ಳುವುದನ್ನು ನೋಡುತ್ತಿದ್ದಂತೆ ಅವನಿಗೆ ಹೊಳೆಯಿತು, ಪಾಠದಲ್ಲಿ ಮೂವತ್ತು ಸಲ ದಿನ್ನೆ ಹತ್ತಿದವಳು ಪರೀಕ್ಷೆಯಲ್ಲಿ ಮೂರಡಿ ಹತ್ತಲಿಲ್ಲ, ಪಾಠದಲ್ಲಿ ಕಾಲು ಅಲ್ಲಿರುತ್ತದೆ, ಪರೀಕ್ಷೆಯಲ್ಲಿ ಸೀಟಿನ ಕೆಳಗಿರುತ್ತದೆ — ಅಲ್ಲ, ನರ, ಅವಳಿಗೆ ನರ ದುರ್ಬಲ, ಗೆಸೀನೆಗೂ, ಬ್ಯಾಂಕಿನ ಆ ಉದ್ದನೆಯ ಹುಡುಗನಿಗೂ, ಅಳುತ್ತ ಇಳಿದು ನಡೆದುಕೊಂಡೇ ಮನೆಗೆ ಹೋದ ಬೇಕರಿಯವನ ಮಗಳಿಗೂ, ನನ್ನ ಹತ್ತಿರ ಮೊದಲ ಸಲಕ್ಕೇ ಪಾಸಾಗುವವರು ಅರ್ಧ, ಅಷ್ಟು ಕಟ್ಟುನಿಟ್ಟು ನಾನು ಎಂದು ಬಿಯರು ಹಿಡಿದು ಎಷ್ಟು ಸಲ ಹೇಳಿದ್ದಾನೆ, ಜನ ತಲೆಯಾಡಿಸಿದ್ದರು, ಮೂರ್ಖರು, ಯಾಕೆ ಅರ್ಧ ಎಂದು ಒಬ್ಬನಾದರೂ ಕೇಳಬಾರದಿತ್ತೇ. ಪಾಠದಲ್ಲಿ ಆ ವಿದ್ಯಾರ್ಥಿಗಳು ಯಾರೂ ತಾವಾಗಿ ಕಾರು ಹೊರಡಿಸಿಯೇ ಇರಲಿಲ್ಲ. ಅವರ ಕಾಲು ಅವಸರದಲ್ಲಿ ಎದ್ದಾಗ ಇವನ ಕಾಲು ಸಲಾಕೆಯ ಆ ತುದಿಯಲ್ಲಿ ತಡೆದಿತ್ತು, ಹಾಫ್ ಕ್ಲಚ್ಚಿನಲ್ಲಿ ಹಿಡಿದಿತ್ತು, ಮೆಲ್ಲಗೆ ಬಿಟ್ಟಿತ್ತು, ಅವರು ತಾವೇ ಓಡಿಸಿದೆವು ಎಂದು ನಕ್ಕಿದ್ದರು, ಇವನು ಹೂಂ ಪರವಾಗಿಲ್ಲ ಎಂದಿದ್ದ. ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು ನಾಚಿಕೆ, ಆ ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ಈ ಹುಡುಗಿಯ ಎದುರಿಗೇ ಆಗಬೇಕಿತ್ತೇ ಎಂದು. ಹೊಸ ಸಿಲಿಂಡರು ನಾಳೆ ಬರುತ್ತೆ ಎನ್ನುತ್ತಿದ್ದಾಳೆ ಅವಳು, ಇವತ್ತಿಗೆ ಗಾಳಿ ತೆಗೆದು ಕೊಡ್ತೀನಿ, ಬ್ರೇಕು ಸರಿಯಿದೆ ನೋಡ್ದೆ, ಕ್ಲಚ್ಚೂ ನಿಲ್ಲುತ್ತೆ, ಆದ್ರೆ ಪ್ರತಿ ಸಲ ಪೆಡಲ್ ಪೂರ್ತಿ ಮೇಲೆ ಬರ್ಬೇಕು, ನೀವು ಕಾಲಿಟ್ರೆ ಮಧ್ಯಾಹ್ನದೊಳಗೆ ಮತ್ತೆ ಮಲಗುತ್ತೆ, ಬಜರ್ ಈಗ್ಲೇ ಹಾಕಿ, ನಿಮ್ಮ ಕಾಲು ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲ, ಆಮೇಲೆ ಅವರಿಗೆ ಹೇಳಿ, ಆಚೆ ಕೂತಿದಾರಲ್ಲ ಅವರಿಗೆ, ನೀವು ಹೇಳ್ತೀರೋ ನಾನು ಹೇಳ್ಲೋ. ಕಾರಿನಲ್ಲಿ ಹೇಳ್ತೀನಿ ಎಂದ. ನನಗಂತೂ ಯಾರೂ ಹೇಳ್ಲಿಲ್ಲ ಎಂದಳು ಗೆಸೀನೆ, ಮತ್ತೆ ಗುಂಡಿಗಿಳಿದಳು, ಒತ್ತಿ, ಬಿಡಿ, ಅವನು ಪ್ರತಿ ಸಲ ಬಗ್ಗಿ ನೋಡಿ ಬಿಟ್ಟ, ಇಪ್ಪತ್ತು ನಿಮಿಷದಲ್ಲಿ ಪೆಡಲ್ ಗಟ್ಟಿಯಾಯಿತು.

ಹತ್ತೂಕಾಲು, ಗ್ಯಾರೇಜಿನ ಅಂಗಳ, ರಸ್ತೆಗೆ ಸಣ್ಣ ಏರು, ಫ್ರೌ ಸಾಂಡರ್ ಕನ್ನಡಿ ಸರಿಮಾಡಿಕೊಂಡಳು, ಬೆಲ್ಟು ಹಾಕಿಕೊಂಡಳು, ಮೊಟ್ಟೆಯ ವಾಸನೆ, ಹೇಳಬೇಕು, ಈಗ ಹೇಳಿದರೆ ಅವಳ ಧೈರ್ಯ ಕೆಡುತ್ತದೆ, ಪರೀಕ್ಷೆ ಮುಗಿಯಲಿ ಹೇಳಿದರಾಯಿತು, ಪಾಸಾದರೆ ಹೇಳುವ ಅಗತ್ಯವೇ ಇರುವುದಿಲ್ಲ, ಆಗಲಿ ಹೊರಡಿ ಎಂದ, ಅವಳು ಮೆಲ್ಲಗೆ ಪೆಡಲ್ ಬಿಡತೊಡಗಿದಳು, ಪೀಂ ಎಂದಿತು ಬಜರ್. ಬೆಚ್ಚಿಬಿದ್ದದ್ದು ಅವನು. ಅದೇನು ಹೆರ್ ಬೋಡೆ. ಏನಿಲ್ಲ, ಚೆಕ್ ಮಾಡ್ತಿದೆ, ಹೊಸದಾಗಿ ಹಾಕಿದಾರಲ್ಲ. ಕಾಲನ್ನು ಎಳೆದುಕೊಂಡ. ಮೊದಲ ತಿರುವಿನಲ್ಲಿ ಮತ್ತೆ ಪೀಂ. ಸೇತುವೆಯ ಸಿಗ್ನಲ್ಲಿನಲ್ಲಿ ಪೀಂ, ಸತ್ಯವಾಗಿ ಅವನು ಇಟ್ಟಿರಲಿಲ್ಲ, ಅದು ತಾನಾಗಿ ಹೋಗಿ ಕೂತಿತ್ತು, ಸಾಕಿದ ಬೆಕ್ಕು ಸೋಫಾದ ಮೇಲಿಂದ ಇಳಿಸಿದಷ್ಟೂ ಹೋಗಿ ಕೂರುವ ಹಾಗೆ, ಎಂಥ ಕಾಲು ಇದು, ಬುದ್ಧಿ ಇಲ್ಲದ — ಊರಾಚೆ ಸ್ಟ್ರಾಬೆರಿ ಮಾರುವ ಗೂಡಂಗಡಿಯ ಬಳಿ ನಾಲ್ಕನೆಯ ಸಲ ಪೀಂ ಎಂದಾಗ ಫ್ರೌ ಸಾಂಡರ್ ಸೂಚನೆಯ ದೀಪ ಹಾಕಿ ಕಾರನ್ನು ಪಕ್ಕಕ್ಕೆ ತಂದಳು, ನಿಲ್ಲಿಸಿದಳು, ಹ್ಯಾಂಡ್ ಬ್ರೇಕ್ ಎಳೆದಳು, ಎಲ್ಲ ಕ್ರಮವಾಗಿ, ಆಮೇಲೆ ತಿರುಗಿ ಅವನ ಕಾಲನ್ನು ನೋಡಿದಳು, ಪೆಡಲಿನ ಮೂಲೆಯ ಹೊಳಪನ್ನು ನೋಡಿದಳು, ದಿನಾ ಬೇರೆಯವರ ಮೈ ನೋಡುವವಳು, ಎಲ್ಲಿ ಒತ್ತಿ ಹುಣ್ಣಾಗಿದೆ ಎಂದು ಹುಡುಕುವವಳು, ಅವಳಿಗೆ ಯಾರೂ ವಿವರಿಸಬೇಕಾಗಲಿಲ್ಲ. ಎಷ್ಟು ದಿನದಿಂದ, ಎಂದಳು. ಲೋಥಾರ್ ಗೂಡಂಗಡಿಯ ಫಲಕ ಓದುತ್ತಿದ್ದ. ನಾನು ಕಲಿಯೋಕೆ ಬಂದ ಎಂಟು ತಿಂಗಳೂ ಹೀಗೇನಾ. ಗೆಸೀನೆ ಹೇಳೋ ಪ್ರಕಾರ, ಎಂದು ಶುರು ಮಾಡಿದ, ತನ್ನ ದನಿ ತನಗೇ ಹೇಸಿಗೆಯಾಯಿತು, ಹೌದು ಎಂದ. ಅವಳು ಬೆಲ್ಟು ಬಿಚ್ಚಿದಳು. ಇಳಿದು ಹೋಗುತ್ತಾಳೆ ಎಂದುಕೊಂಡ, ಹೋಗಲಿ, ದೂರು ಕೊಡಲಿ, ಅವಳು ಬಗ್ಗಿ ಅವನ ಎಡಗಾಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಬಿಸಿ ಒಣ ಕೈಗಳು, ಪೆಡಲಿನ ಮೇಲಿಂದ ಎತ್ತಿ ಹಿಂದಕ್ಕೆ ತಂದು ಸೀಟಿನ ಬುಡಕ್ಕೆ ಒತ್ತಿ ಇಟ್ಟಳು, ಇಲ್ಲೇ ಇರ್ಲಿ ಎಂದಳು. ನನ್ನ ಹತ್ರ ಒಬ್ರು ಅಜ್ಜ ಇದಾರೆ, ಚಮಚ ಬಿಡೋದೇ ಇಲ್ಲ, ಬಿಟ್ಟಿದೀನಮ್ಮ ಅಂತಾರೆ, ಬೆರಳು ಒಂದೊಂದಾಗಿ ಬಿಡಿಸ್ಬೇಕು, ಅವರ ಮೇಲೆ ನಂಗೆ ಕೋಪ ಬರಲ್ಲ, ನಿಮ್ಮ ಮೇಲೆ ಬರ್ತಿದೆ. ಫ್ರೌ ಸಾಂಡರ್, ನಾನು — ಈಗ ಬೇಡ, ಇನ್ನೂ ಒಂದೂವರೆ ಗಂಟೆ ಇದೆ, ದಿನ್ನೆಗೆ ಹೋಗೋಣ.

ದಿನ್ನೆಯಲ್ಲಿ ಎಂಜಿನ್ ಮೊದಲ ಸಲ ಆಫ್ ಆಯಿತು, ಎರಡನೆಯ ಸಲ ಆಫ್ ಆಯಿತು, ಕಾರು ಕುಪ್ಪಳಿಸಿ ಸತ್ತಿತು, ಲೋಥಾರನ ನಾಲಗೆಯ ತುದಿಯಲ್ಲಿ ಎಂಟು ತಿಂಗಳ ಮಾತುಗಳೆಲ್ಲ ಸಾಲುಗಟ್ಟಿ ನಿಂತಿದ್ದವು, ದಿಂಬಿನ ಬೂಟು, ಬುದ್ಧಿಯಿಲ್ಲದ, ನರವಿಲ್ಲದ, ಬಾಯಿ ತೆರೆದ, ಮಾತಾಡ್ಬೇಡಿ ಎಂದಳು ಅವಳು, ನಾನು ಕೇಳಿಸ್ಕೊಳ್ತಿದೀನಿ. ಎಂಜಿನ್ನನ್ನು. ಕಾರಿಗೆ ಈಗ ಕ್ಷಮಿಸು ಅನ್ನುವುದನ್ನು ನಿಲ್ಲಿಸಿದ್ದಾಳೆ. ಮೂರನೆಯ ಸಲ, ನಾಲ್ಕನೆಯ ಸಲ, ಕೆಳಗಿನವರೆಗೆ ಹಿಂದಕ್ಕೆ ಬಂದು ಮತ್ತೆ, ಐದನೆಯ ಸಲ ಎಂಜಿನ್ನಿನ ದನಿ ಇಳಿಯುವ ಜಾಗದಲ್ಲಿ ಅವಳ ಕಾಲು ನಿಂತಿತು, ಕಾದಿತು, ಕಾರು ನಡುಗುತ್ತ ಮುಂದೆ ಬಂತು, ಒಂದಡಿ, ಎರಡಡಿ, ಆಮೇಲೆ ಆಫ್. ಇಲ್ಲಿತ್ತಾ ಇದು ಎಂದಳು, ತನಗೇ, ಕಳೆದುಹೋದ ಕೀಲಿಕೈ ಸಿಕ್ಕಿದವರ ಹಾಗೆ. ಆರನೆಯ ಸಲ ಹತ್ತಿತು. ಇನ್ನೊಂದ್ಸಲ ಎಂದಳು. ಹತ್ತಿತು. ಸ್ಪಂಜಿನ ಅಟ್ಟೆಯ ಮೂಲಕ ಹೇಗೆ ತಿಳಿಯಿತು ಅವಳಿಗೆ, ತಿಳಿಯಬಾರದಿತ್ತು, ತಿಳಿದುಬಿಟ್ಟಿತು, ಒಂಬತ್ತು ಸಲ ಹತ್ತಿಸಿದಳು, ಲೋಥಾರ್ ತನ್ನ ಮೊಣಕಾಲ ಮೇಲೆ ಎರಡೂ ಕೈ ಇಟ್ಟು ಅದುಮಿ ಹಿಡಿದುಕೊಂಡು ಕೂತಿದ್ದ, ಸಲಾಕೆಯ ಈ ತುದಿಯಲ್ಲಿ ಅವನ ಪೆಡಲ್ ಅವಳ ಕಾಲಿನ ಜೊತೆ ಇಳಿಯುತ್ತಿತ್ತು, ಏಳುತ್ತಿತ್ತು, ಇಪ್ಪತ್ತೊಂಬತ್ತು ವರ್ಷದಲ್ಲಿ ಅದು ತಾನಾಗಿ ಏಳುವುದನ್ನು ಅವನು ಮೊದಲ ಬಾರಿಗೆ ನೋಡುತ್ತಿದ್ದ, ಪರೀಕ್ಷೆಗಳಲ್ಲಿ ಅವನು ನೋಡುತ್ತಿದ್ದದ್ದು ರಸ್ತೆಯನ್ನು, ವಿದ್ಯಾರ್ಥಿಯ ಪೆದ್ದು ಮುಖವನ್ನು.

ಹನ್ನೆರಡಕ್ಕೆ ಪರೀಕ್ಷಕ ಬಂದ, ಎಳೆಯ ಗಡ್ಡದವನು, ಕೈಯಲ್ಲಿ ಟ್ಯಾಬ್ಲೆಟ್ಟು, ಹಿಂದಿನ ಸೀಟಿನಲ್ಲಿ ಕೂತ, ಬಜರ್ ಇದೆಯಾ ಎಂದ, ಲೋಥಾರ್ ಒಮ್ಮೆ ಒತ್ತಿ ತೋರಿಸಿದ, ಪೀಂ, ಸರಿ, ಹೊರಡೋಣ, ಎಡಕ್ಕೆ, ಬಲಕ್ಕೆ, ಹೆದ್ದಾರಿ, ಹಿಂದಕ್ಕೆ ತೆಗೆದು ಪಾರ್ಕಿಂಗು, ಪರೀಕ್ಷಕನೂ ಮೂರ್ಖನೇ, ಇವನಿಗೆ ಗೇರಿನ ಕಾರು ಓಡಿಸಲು ಬರುತ್ತದೋ ಇಲ್ಲವೋ, ನಲವತ್ತು ನಿಮಿಷ, ಒಂದು ತಪ್ಪಿಲ್ಲ, ಇನ್ನು ಉಳಿದದ್ದು ದಿನ್ನೆ, ದಿನ್ನೆ ಹತ್ತಿದರೆ ಪರೀಕ್ಷಾ ಕಚೇರಿಯ ಗೇಟು ನೂರು ಮೀಟರು, ಅಲ್ಲಿ ನಿಲ್ಲಿಸಿದರೆ ಮುಗಿಯಿತು. ದಿನ್ನೆಯ ತುದಿ, ನಿಲ್ಲು ಫಲಕ, ಅವಳು ನಿಂತಳು, ಹಿಂದೆ ಕಸದ ಲಾರಿಯೊಂದು ಬಂದು ಕನ್ನಡಿ ತುಂಬ ನಿಂತಿತು, ಅಷ್ಟು ಹತ್ತಿರ, ಹಿಂದಕ್ಕೆ ಎರಡಡಿ ಜಾರಿದರೂ ತಾಗುತ್ತದೆ, ಎದುರಿನ ರಸ್ತೆಯಲ್ಲಿ ಕಾರುಗಳು, ಒಂದು, ಇನ್ನೊಂದು, ಈಗ ಖಾಲಿ, ಅವಳು ಹ್ಯಾಂಡ್ ಬ್ರೇಕಿಗೆ ಕೈ ಹಾಕಿದಳು, ಲೋಥಾರನ ಮೀನಖಂಡ ಕಲ್ಲಾಯಿತು, ಬೂಟಿನೊಳಗೆ ಬೆರಳುಗಳು ಮಡಚಿಕೊಂಡವು, ಸ್ವಲ್ಪ ತಡೆದರೆ ಸಾಕು, ಒಂದು ಕಾಳಿನಷ್ಟು, ಅವಳು ಬೀಳುವುದಿಲ್ಲ, ಮುಟ್ಟಿದರೆ ಅವಳು ಬೀಳುತ್ತಾಳೆ, ಕಾಲು ಹೊರಟಿತು, ಅವನು ಬಲಗಾಲನ್ನು ಅದರ ಮೇಲೆ ಹಾಕಿ ಮೆಟ್ಟಿ ಹಿಡಿದ, ಎಲುಬು ನೋಯುವಷ್ಟು, ಪೆಡಲ್ ಏಳತೊಡಗಿತು, ಎಂಜಿನ್ನಿನ ದನಿ ಇಳಿಯಿತು, ಇನ್ನೂ ಇಳಿಯಿತು, ಪೆಡಲ್ ನಿಂತಿತು, ನಡುವಿನಲ್ಲಿ, ನಡುಗುತ್ತ, ಅಲ್ಲೇ ಕಾದಿತು, ಲಾರಿಯವನು ಹಾರ್ನು ಹೊಡೆದ, ಅದು ಕಾದಿತು, ಕಾರು ಹೊರಟಿತು, ಫಲಕ ಹಿಂದಕ್ಕೆ ಹೋಯಿತು, ರಸ್ತೆ ಸಮವಾಯಿತು, ಚೆನ್ನಾಗಿತ್ತು ಎಂದ ಪರೀಕ್ಷಕ, ಅವಳಿಗೆ, ಲೋಥಾರ್ ಯಾರನ್ನಾದರೂ ಹೀಗಳೆಯೋಣ ಎಂದು ಹುಡುಕಿದ, ಲಾರಿಯವನು, ಗಡ್ಡದವನು, ಗೆಸೀನೆ, ಬಿಳಿ ಬೂಟು, ಯಾರೂ ಸಿಗಲಿಲ್ಲ, ಗೇಟಿನ ಮುಂದೆ ಅವಳು ಗೇರು ಇಳಿಸಿದಳು, ಪೆಡಲ್ ಇಳಿಯಿತು, ಎದ್ದಿತು, ಪೂರ್ತಿ ಎದ್ದಿತು, ಸವೆದ ಮೂಲೆ, ಹೆಬ್ಬೆಟ್ಟಿನಷ್ಟು ಹೊಳೆಯುವ ಕಬ್ಬಿಣ, ಅದರ ಮೇಲೆ ಯಾರ ಕಾಲೂ ಇಲ್ಲ, ಇಳಿಯಿತು, ಏಳುತ್ತಿದೆ, ಯಾರ ಕಾಲೂ ಇಲ್ಲ, ಏಳುತ್ತಿದೆ —